ಸಣ್ಣ ಊರಿನ ವಾಲಂಟಿಯರ್ ಫೈರ್ ಕಂಪನಿಯ ಡ್ರಿಲ್‌ನಲ್ಲಿ ಏನು ಮಾಡಿಸುತ್ತಾರೆ?

ಪೆನ್ಸಿಲ್ವೇನಿಯಾದ ಸಣ್ಣ ಊರಿನಲ್ಲಿ ಮನೆ ಮಾಡಿದ್ದೀರಿ, ನಿಮ್ಮ ಯಜಮಾನರು ಅಲ್ಲಿನ ವಾಲಂಟಿಯರ್ ಫೈರ್ ಕಂಪನಿಗೆ ಸೇರಬೇಕು ಅಂತಿದ್ದಾರೆ. ವಾರಕ್ಕೊಂದು ಸಂಜೆ ಡ್ರಿಲ್ ಅಂತ ಹೋದರೆ ಅಲ್ಲಿ ಏನು ಮಾಡಿಸುತ್ತಾರೆ, ಅಪಾಯ ಇಲ್ಲವಾ ಅಂತ ಕೇಳಿದ್ದೀರಿ. ನಾನು ಇದೇ ರಾಜ್ಯದ ಇನ್ನೊಂದು ಮೂಲೆಯಲ್ಲಿ ಅಂಥದ್ದೇ ಒಂದು ಕಂಪನಿಯಲ್ಲಿದ್ದೇನೆ. ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ನಮ್ಮ ಕರ್ನಾಟಕದಲ್ಲಿ ಅಗ್ನಿಶಾಮಕ ಠಾಣೆಯವರು ಸರ್ಕಾರದ ಸಂಬಳದ ನೌಕರರು. ಇಲ್ಲಿ ಅಮೆರಿಕದಲ್ಲಿ ಬೆಂಕಿ ಆರಿಸುವವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಇಬ್ಬರು ಸಂಬಳವಿಲ್ಲದೆ ದುಡಿಯುವವರು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದಾಗಿನಿಂದ ಬಂದ ಪದ್ಧತಿ ಇದು. ಮೆಕ್ಯಾನಿಕ್, ಮೇಷ್ಟ್ರು, ಹಾಲಿನ ಡೇರಿಯ ರೈತ, ಎಲ್ಲರೂ ಪೇಜರ್ ಕೂಗಿದ ತಕ್ಷಣ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ದಿನವೂ ಇದೇ ಕೆಲಸ ಮಾಡುವವರಲ್ಲ. ಅದಕ್ಕೇ ಡ್ರಿಲ್ ತಪ್ಪಿಸುವಂತಿಲ್ಲ.

ಡ್ರಿಲ್ ಅಂದರೆ ವಾರವಾರ ಬೆಂಕಿ ಹಚ್ಚಿ ಆರಿಸುವುದು ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಅದು ತೀರಾ ಅಪರೂಪ. ನನ್ನ ಪ್ರಕಾರ ಅಲ್ಲಿ ಮತ್ತೆ ಮತ್ತೆ ಕಲಿಯುವುದು ಎರಡೇ ಲೆಕ್ಕ. ಒಂದು ಗಾಳಿಯದು, ಇನ್ನೊಂದು ನೀರಿನದು.

ಗಾಳಿ ಅಂದರೆ ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್‌ನಲ್ಲಿರುವುದು. ಮೇಲೆ 30 ನಿಮಿಷ ಅಂತಿದ್ದರೂ ಮೈಮುರಿದು ದುಡಿಯುವಾಗ ಅಷ್ಟು ಹೊತ್ತು ಖಂಡಿತ ಬರುವುದಿಲ್ಲ. ಮಾಸ್ಕಿನ ಗಾಜಿಗೆ ಏನಾದರೂ ಮುಚ್ಚಿ, ಕಣ್ಣು ಕಾಣದ ಹಾಗೆ ಮಾಡಿ ಒಳಗೆ ಬಿಡುತ್ತಾರೆ. ಒಂದು ಕೈ ಗೋಡೆ ಬಿಡುವಂತಿಲ್ಲ. ಮಂಡಿಯೂರಿ ತೆವಳುತ್ತಾ ಮಂಚದ ಕೆಳಗೆ, ಬಾಗಿಲ ಹಿಂದೆ ತಡಕಿ ಒಂದು ಗೊಂಬೆಯನ್ನು ಹುಡುಕಿ ತರಬೇಕು. ದಾರಿ ತಪ್ಪಿದರೆ ಹೋಸ್ ಪೈಪನ್ನು ಕೈಯಲ್ಲಿ ಸವರುತ್ತಾ ಹೋಗಬೇಕು. ಎರಡು ಪೈಪು ಸೇರುವ ಕಪ್ಲಿಂಗ್‌ನಲ್ಲಿ ಗಂಡು ತುದಿ (ಇನ್ನೊಂದರೊಳಗೆ ಹೋಗುವುದು) ಇರುವ ಕಡೆ ಹೊರಗಿನ ದಾರಿ, ಹೆಣ್ಣು ತುದಿಯ ಕಡೆ ಬೆಂಕಿ. ದಪ್ಪ ಗ್ಲೌಸ್ ಹಾಕಿಕೊಂಡೇ ಅದನ್ನು ಗುರುತಿಸಬೇಕು. ಸುಮಾರು 30 ಸೆಕೆಂಡ್ ಅಲುಗಾಡದೆ ಇದ್ದರೆ ಮೈಮೇಲಿನ ಸಾಧನ ಕಿವಿ ಹರಿಯುವ ಹಾಗೆ ಕೂಗುತ್ತದೆ. ಸಿಲಿಂಡರ್‌ನಲ್ಲಿ ಮೂರನೇ ಒಂದು ಭಾಗ ಉಳಿದಾಗ ಇನ್ನೊಂದು ಎಚ್ಚರಿಕೆ ಬರುತ್ತದೆ. ಅದು ಬರುವ ಮುಂಚೆಯೇ ಹೊರಗೆ ಇರಬೇಕು ಅನ್ನುವುದು ನಮ್ಮ ಪಾಠ. ಸಿಕ್ಕಿಹಾಕಿಕೊಂಡರೆ ರೇಡಿಯೋದಲ್ಲಿ ‘ಮೇಡೇ’ ಅಂತ ಕೂಗಿ, ಎಲ್ಲಿದ್ದೇನೆ, ಯಾರು, ಎಷ್ಟು ಗಾಳಿ ಉಳಿದಿದೆ ಅಂತ ಹೇಳಬೇಕು. ಗಟ್ಟಿ ಜನರೂ ಇದನ್ನು ಕೂಗಲು ಹಿಂಜರಿಯುತ್ತಾರೆ. ಅದಕ್ಕೇ ಬಾಯಿಪಾಠ ಮಾಡಿಸುತ್ತಾರೆ.

ಇನ್ನು ನೀರು. ಊರ ನಡುವೆ ಹೈಡ್ರಂಟ್, ಅಂದರೆ ಬೆಂಕಿ ಆರಿಸಲು ರಸ್ತೆ ಬದಿಗಿಟ್ಟ ನೀರಿನ ಕೊಳಾಯಿ, ಇರುತ್ತದೆ, ಹೊಲದ ನಡುವಿನ ಮನೆಗೆ ಇರುವುದಿಲ್ಲ. ಗಾಡಿಯಲ್ಲಿ 1000 ಗ್ಯಾಲನ್ ಇದೆ ಅಂದುಕೊಳ್ಳಿ. ಒಂದೇ ಹೋಸ್ ನಿಮಿಷಕ್ಕೆ 150 ಗ್ಯಾಲನ್ ಉಗುಳಿದರೂ ಏಳು ನಿಮಿಷದೊಳಗೆ ಎಲ್ಲ ಖಾಲಿ! ಹಾಗಾಗಿ ಕೆರೆ ಪಕ್ಕ ಗಾಡಿ ನಿಲ್ಲಿಸಿ ನೀರೆಳೆಯುವುದನ್ನು ಕಲಿಸುತ್ತಾರೆ. ನಮ್ಮ ತೋಟದ ಬಾವಿಯ ಪಂಪ್‌ಸೆಟ್ ಗೊತ್ತಲ್ವಾ, ಎಲ್ಲೋ ಒಂಚೂರು ಗಾಳಿ ಎಳೆದರೆ ನೀರು ಏರುವುದೇ ಇಲ್ಲ. ಇದೂ ಅದೇ. ಪೈಪಿನೊಳಗಿನ ಗಾಳಿ ತೆಗೆದರೆ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಲೆಕ್ಕಕ್ಕೆ 10 ಮೀಟರ್ ಅಂತಾರೆ, ಕೆಲಸಕ್ಕೆ ಸಿಗುವುದು ಆರೇಳು ಮೀಟರ್. ಒಂದು ರಬ್ಬರ್ ವಾಷರ್ ಸರಿಯಾಗಿ ಕೂರದಿದ್ದರೂ ಎಲ್ಲರೂ ಸುಮ್ನೆ ನಿಲ್ಲಬೇಕಾಗುತ್ತದೆ. ಉರಿಯುವ ಮನೆ ಮುಂದೆ ಹಾಗಾದರೆ ಗತಿ ಏನು? ಈ ಡ್ರಿಲ್ ಅಂದರೆ ನನಗೆ ತುಂಬಾ ಗೌರವ.

ಅಪಘಾತದಲ್ಲಿ ಕಾರಿನೊಳಗೆ ಸಿಕ್ಕಿಬಿದ್ದವರನ್ನು ಬಿಡಿಸುವುದನ್ನು ಕಲಿಯಲು ಕೆಲವು ಸಂಜೆ ಗುಜರಿ ಕಾರು ತಂದು ಕತ್ತರಿಸುತ್ತಾರೆ. ಮೊದಲು ಮರದ ತುಂಡು ಕೊಟ್ಟು ಕಾರು ಅಲುಗದ ಹಾಗೆ ನಿಲ್ಲಿಸಬೇಕು, ಬ್ಯಾಟರಿಯ ಸಂಪರ್ಕ ತೆಗೆಯಬೇಕು, ಆಮೇಲೆ ಗಾಜು, ಬಾಗಿಲು, ಟಾಪು.

ಅಪಾಯದ ಮಾತಿಗೆ ಬರುತ್ತೇನೆ. ನಿಜವಾದ ಬೆಂಕಿ ಹಚ್ಚುವ ತರಬೇತಿಯಲ್ಲಿ ಜೀವ ಹೋಗಿದೆ. 2001ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇರ್ಡ್ಸ್‌ವಿಲ್‌ನಲ್ಲಿ ಹೊಸದಾಗಿ ಸೇರಿದ್ದ ಹುಡುಗನೊಬ್ಬನನ್ನು ಖಾಲಿ ಮನೆಯ ಮಹಡಿಯಲ್ಲಿ ಸಿಕ್ಕಿಬಿದ್ದವನ ಹಾಗೆ ಕೂರಿಸಿದ್ದರು. ಕೆಳಗೆ ಬೆಂಕಿ ಕೈಮೀರಿತು, ಅವನು ತೀರಿಕೊಂಡ. ಉಸ್ತುವಾರಿ ಅಧಿಕಾರಿಗೆ ಕೋರ್ಟ್ ಶಿಕ್ಷೆ ಕೊಟ್ಟಿತು. ಇಂಥ ತರಬೇತಿಗೆ ಅಮೆರಿಕದ ಅಗ್ನಿ ಸುರಕ್ಷತಾ ಸಂಘ ಎನ್‌ಎಫ್‌ಪಿಎ ಮಾಡಿದ ‘ಎನ್‌ಎಫ್‌ಪಿಎ 1403’ ಎಂಬ ನಿಯಮಾವಳಿ 1986ರಿಂದಲೇ ಇತ್ತು. ಜೀವಂತ ಮನುಷ್ಯರನ್ನು ಹಾಗೆ ಒಳಗೆ ಕೂರಿಸಲೇಬಾರದು, ಐದು ಜನ ಕಲಿಯುವವರಿಗೆ ಒಬ್ಬ ಶಿಕ್ಷಕ ಇರಬೇಕು ಅನ್ನುತ್ತದೆ ಅದು. ಪಾಲಿಸಿದ್ದರೆ ಆ ಹುಡುಗ ಉಳಿಯುತ್ತಿದ್ದ. ನನಗೆ ಇವತ್ತಿಗೂ ಅದು ಸಹಿಸಲಾಗದ ವಿಷಯ.

ಆದ್ದರಿಂದ ಸೇರುವ ಮುನ್ನ ನಿಮ್ಮ ಯಜಮಾನರು ನೇರವಾಗಿ ಕೇಳಲಿ. ಬೆಂಕಿಯ ತರಬೇತಿ ಎಲ್ಲಿ ನಡೆಯುತ್ತದೆ? 1403 ಪಾಲಿಸುತ್ತೀರಾ? ಮೂಲ ತರಬೇತಿ ಮುಗಿಯುವ ತನಕ ಹೊಸಬರನ್ನು ಉರಿಯುವ ಮನೆಯೊಳಗೆ ಕಳಿಸುವುದಿಲ್ಲ ತಾನೇ? ಒಳ್ಳೆಯ ಕಂಪನಿಯವರು ಖುಷಿಯಿಂದ ಉತ್ತರಿಸುತ್ತಾರೆ. ಮುಖ ಗಂಟಿಕ್ಕಿದರೆ ಪಕ್ಕದ ಊರಿನ ಕಂಪನಿ ನೋಡಿ.

ಇನ್ನೊಂದು, ಇದು ನಿಮಗೇ. ಬೆಂಕಿ ಆರಿಸುವ ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2022ರಲ್ಲಿ ಖಚಿತವಾಗಿ ಹೇಳಿದೆ. ಹೊಗೆಯ ಮಸಿ ಕೋಟಿಗೆ, ಗ್ಲೌಸಿಗೆ ಅಂಟಿರುತ್ತದೆ. ಆ ಬಟ್ಟೆ ಸ್ಟೇಷನ್‌ನಲ್ಲೇ ಒಗೆಯಬೇಕು. ಮನೆಗೆ ತಂದು ಮಕ್ಕಳ ಬಟ್ಟೆ ಜೊತೆ ವಾಷಿಂಗ್ ಮಷೀನಿಗೆ ಹಾಕಲು ಬಿಡಬೇಡಿ, ಕಾರಿನ ಹಿಂದಿನ ಸೀಟಿನಲ್ಲೂ ಇಡಲು ಬಿಡಬೇಡಿ.