ಜೀಪು ಹತ್ತದೆ ಹಳೆಯ ಕಾಡು ನೋಡಬೇಕಾ? ಕತ್ತಲೆಕಾನಿಗೆ ಬನ್ನಿ

ನಿಮ್ಮ ಪ್ರಶ್ನೆ ಇಷ್ಟು: ಬಂಡೀಪುರ, ಕಬಿನಿ ಎರಡೂ ಕಡೆ ಸಫಾರಿ ಆಗಿದೆ, ಆದರೆ ಜೀಪಿನಿಂದ ಕಾಲು ಕೆಳಗಿಡಲು ಬಿಟ್ಟಿಲ್ಲ. ಯಾರೋ ನೆಟ್ಟು ಬೆಳೆಸಿದ್ದಲ್ಲದ, ತಾನಾಗಿ ಬೆಳೆದ ಹಳೆಯ ಕಾಡಿನಲ್ಲಿ ಒಂದು ದಿನ ಇರಬೇಕು. ಎಲ್ಲಿಗೆ ಹೋಗಲಿ, ಯಾವಾಗ, ಏನು ಕಾಣುತ್ತದೆ, ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ?

ನಾನು ಸಿದ್ದಾಪುರ ಕಡೆಯವನು, ಪಕ್ಷಪಾತ ಇದ್ದೇ ಇರುತ್ತದೆ. ನನ್ನ ಉತ್ತರ ಕತ್ತಲೆಕಾನು. ಜೋಗದಿಂದ ಮಾವಿನಗುಂಡಿ ದಾಟಿ ಹೊನ್ನಾವರದ ಕಡೆ ಮಲೆಮನೆ ಘಟ್ಟ ಇಳಿಯುವಾಗ ಸಿಗುವ ಕಾಡು. ಬೆಂಗಳೂರಿನಿಂದ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಹತ್ತಿರಕ್ಕೆ ಬಂದಿರುತ್ತೀರಿ.

ನಮ್ಮ ಕಡೆ ಎಲ್ಲ ಕಾಡಿಗೂ ಕಾನು ಅನ್ನುವುದಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ ಬೆಟ್ಟ ಅನ್ನುತ್ತೇವೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗುವ ಕಾಡು ಇನ್ನೊಂದು ತರಹ. ವರ್ಷವಿಡೀ ಹಸಿರಾಗಿದ್ದು, ಬುಡದಲ್ಲಿ ಬಿಸಿಲೇ ಬೀಳದಷ್ಟು ದಟ್ಟವಾಗಿರುವುದು ಕಾನು. ಊರವರು ಅದನ್ನು ಕಾಯ್ದುಕೊಂಡು ಬಂದಿದ್ದಕ್ಕೆ ಕಾರಣಗಳಿದ್ದವು. ಕಾಳುಮೆಣಸಿನ ಬಳ್ಳಿ ಅಲ್ಲಿತ್ತು, ಕಳ್ಳು ಇಳಿಸುವ ಬಗನಿ ಮರ ಅಲ್ಲಿತ್ತು, ನೀರಿನ ಒರತೆ ಅಲ್ಲಿತ್ತು, ಒಂದು ಚೌಡಿಯ ಕಲ್ಲೂ ಅಲ್ಲೇ ಇತ್ತು. ಆ ಕಲ್ಲಿನ ಹತ್ತಿರ ಕತ್ತಿ ಎತ್ತಲು ಈಗಲೂ ಜನ ಹೆದರುತ್ತಾರೆ. ನಾನೂ ಹೆದರುತ್ತೇನೆ, ಓದಿದ್ದು ಏನಿದ್ದರೂ.

ಒಂದು ಎಚ್ಚರಿಕೆ. ಸಾಗರ ದಾಟಿ ಬರುವಾಗ ರಸ್ತೆಯ ಎರಡೂ ಕಡೆ ಹಸಿರು ಕಂಡು ‘ಆಹಾ, ಕಾಡು ಬಂತು’ ಅಂದುಕೊಳ್ಳಬೇಡಿ. ಅದರಲ್ಲಿ ಬಹಳಷ್ಟು ಅಕೇಶಿಯಾ. ಆಸ್ಟ್ರೇಲಿಯಾ ಕಡೆಯಿಂದ ತಂದು ಸಾಲಾಗಿ ನೆಟ್ಟಿದ್ದು. ಗುರುತಿಸುವುದು ಸುಲಭ. ಕೆಳಗೆ ಬಿದ್ದ ಒಂದು ಎಲೆ ಎತ್ತಿಕೊಳ್ಳಿ. ಕುಡುಗೋಲಿನ ಹಾಗೆ ಬಾಗಿದ್ದು, ಉದ್ದಕ್ಕೆ ಗೆರೆಗಳಿದ್ದರೆ ಅಕೇಶಿಯಾ. ಅದು ಎಲೆಯೂ ಅಲ್ಲ, ಚಪ್ಪಟೆಯಾದ ತೊಟ್ಟು! ಅಲ್ಲಿ ಹತ್ತು ಹೆಜ್ಜೆ ನಡೆದರೂ ಅದೇ ಎಲೆ, ಒಣಗಿ ಚರಚರ ಅನ್ನುತ್ತದೆ.

ಕಾನಿನ ಒಳಗೆ ಬಂದು ಇದೇ ಕೆಲಸ ಮಾಡಿ. ನಾನು ಒಮ್ಮೆ ಕೂತ ಜಾಗದಿಂದ ಏಳದೆ ಕೈಗೆಟುಕುವಷ್ಟರಲ್ಲಿ ಹದಿನಾಲ್ಕು ತರಹದ ಎಲೆ ಆರಿಸಿದ್ದೆ. ಅರ್ಧದ ಹೆಸರು ನನಗೆ ಗೊತ್ತಿರಲಿಲ್ಲ. ಮುರುಗಲು, ಉಪ್ಪಾಗೆ, ಧೂಪ, ರಾಮಪತ್ರೆ, ಹೆಬ್ಬಲಸು, ಒಂದು ನೇರಳೆ ಜಾತಿ ಗೊತ್ತಾಯಿತು. ಹೆಚ್ಚಿನವು ಅಗಲ ಎಲೆಗಳು, ಮೇಲ್ಮೈ ಎಣ್ಣೆ ಸವರಿದ ಹಾಗೆ ನುಣುಪು, ತುದಿ ಮಾತ್ರ ಚೂಪಾಗಿ ಎಳೆದ ಹಾಗೆ. ಆ ಚೂಪು ಸುಮ್ನೆ ಅಲ್ಲ. ಇಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಎಲೆಯ ಮೇಲೆ ನೀರು ನಿಂತರೆ ಪಾಚಿ ಹಿಡಿಯುತ್ತದೆ. ಆ ತುದಿಯಿಂದ ನೀರು ಇಳಿದು ಹೋಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಬಂದರೆ ಇದೇ ಮರಗಳಲ್ಲಿ ಕೆಂದಳಿರು ನೋಡಬಹುದು. ದೂರದಿಂದ ಇಡೀ ಗುಡ್ಡಕ್ಕೆ ಹೂವು ಬಂದ ಹಾಗೆ ಕಾಣುತ್ತದೆ.

ಕತ್ತಲೆಕಾನಿನ ನಿಜವಾದ ವಿಶೇಷ ಇರುವುದು ಕಣಿವೆಯ ತಳದಲ್ಲಿ. ಸಣ್ಣ ಹಳ್ಳ ಹರಿಯುವಲ್ಲಿ ನೆಲ ಕೆಸರಾಗಿ, ವರ್ಷವಿಡೀ ನೀರು ಜಿನುಗುತ್ತಿರುತ್ತದೆ. ಇಂಥದ್ದಕ್ಕೆ ರಾಮಪತ್ರೆ ಜಡ್ಡಿ ಅನ್ನುತ್ತಾರೆ. ಜಾಯಿಕಾಯಿಯ ಕಾಡು ನೆಂಟರು ಅಲ್ಲಿ ಬೆಳೆಯುತ್ತಾರೆ. ಹೂಬಿಡುವ ಗಿಡಗಳಲ್ಲೇ ಬಹಳ ಹಳೆಯ ಮನೆತನ ಇದು. ಮೊದಲ ಸಲ ನೋಡಿದಾಗ ಮರಗಳಿಗಿಂತ ಬೇರುಗಳೇ ಕಣ್ಣಿಗೆ ಬೀಳುತ್ತವೆ. ಒಂದು ಜಾತಿಯ ಮರ ಕಾಂಡದಿಂದ ಬಿಳಲಿನ ಹಾಗೆ ಬೇರುಗಳನ್ನು ಕೆಳಗಿಳಿಸಿ, ಹತ್ತಾರು ಕಾಲಿನ ಮೇಲೆ ನಿಂತಿರುತ್ತದೆ. ಇನ್ನೊಂದರ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಕೆಸರೊಳಗೆ ಹೋಗುತ್ತವೆ. ನೆಲದ ತುಂಬ ಇಂಥ ಮೊಣಕಾಲುಗಳೇ. ಕೆಸರಿನೊಳಗೆ ಗಾಳಿ ಇಲ್ಲ, ಬೇರಿಗೂ ಉಸಿರು ಬೇಕಲ್ವಾ, ಅದಕ್ಕೇ ಹೊರಗೆ ತಲೆ ಹಾಕುತ್ತವೆ.

ದಯವಿಟ್ಟು ಅವುಗಳ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳಬೇಡಿ. ಈ ಜಡ್ಡಿಗಳು ದೊಡ್ಡವಲ್ಲ, ಕೆಲವು ನಮ್ಮ ಅಡಿಕೆ ತೋಟದಷ್ಟೂ ಇಲ್ಲ. ಹಿಂದೆ ಎಷ್ಟೋ ಕಣಿವೆಗಳಲ್ಲಿ ಇದ್ದಿರಬೇಕು. ನೀರು ಸದಾ ಇರುವ ಜಾಗವೆಂದರೆ ಗದ್ದೆಗೂ ತೋಟಕ್ಕೂ ಅದೇ ಬೇಕು. ನಮ್ಮ ಹಿರಿಯರೂ ಮಾಡಿದ್ದು ಅದನ್ನೇ, ಬೇರೆಯವರನ್ನು ಬೈದು ಪ್ರಯೋಜನವಿಲ್ಲ. ಇಲ್ಲಿ ಸಿಕ್ಕ ಗೇರಿನ ಬಳಗದ ಒಂದು ಮರಕ್ಕೆ ಸಸ್ಯಶಾಸ್ತ್ರಜ್ಞರು 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಊರಿನ ಹೆಸರೇ ಲ್ಯಾಟಿನ್ ಆಗಿ ಹೋಯಿತು!

ಈಗ ಪ್ರಾಣಿಗಳು. ನೀವು ಕೇಳಿದ್ದು ಮುಖ್ಯವಾಗಿ ಅದೇ ಅಲ್ವಾ?

ಸಫಾರಿಯ ಲೆಕ್ಕದಲ್ಲಿ ಬಂದರೆ ನಿರಾಸೆ ಖಂಡಿತ. ಕಬಿನಿಯಲ್ಲಿ ಹಿನ್ನೀರಿನ ಬಯಲಿದೆ, ಆನೆ ಬಂದು ನಿಲ್ಲುತ್ತದೆ. ಕಾನಿನಲ್ಲಿ ಮೂವತ್ತು ಅಡಿ ಆಚೆಗೆ ಏನೂ ಕಾಣುವುದಿಲ್ಲ, ಎಲ್ಲ ನಡೆಯುವುದು ತಲೆಯ ಮೇಲೆ. ಕಾಲೇಜಿನಲ್ಲಿದ್ದಾಗ ನಾಲ್ಕು ಜನ ಸ್ನೇಹಿತರನ್ನು ಕರೆತಂದು, ಬೆಳಗಿನಿಂದ ಸಂಜೆವರೆಗೆ ನಡೆಸಿ, ಒಂದು ಕಾಡುಕೋಳಿ ಕೂಡ ತೋರಿಸಲಾಗದೆ ಮರ್ಯಾದೆ ಕಳೆದುಕೊಂಡಿದ್ದೆ. ಸಂಜೆ ದೊಡ್ಡಪ್ಪ ಚಾ ಕುಡಿಯುತ್ತಾ ಕೇಳಿದ್ದು, “ತಮಾ, ಎಲ್ಲಾದ್ರೂ ಒಂದು ಕಡೆ ಕುಂತಿದ್ರಾ?” ಕೂತಿರಲಿಲ್ಲ.

ಮರುವರ್ಷ ಏಪ್ರಿಲ್ ಕೊನೆಯಲ್ಲಿ ಅವರೇ ಕರೆದುಕೊಂಡು ಹೋದರು. ದೂರವೂ ಅಲ್ಲ, ಕಾನಿಗೆ ತಾಗಿದ ಅವರ ತೋಟದ ಅಂಚಿಗೆ. ಹಣ್ಣು ಬಿಟ್ಟ ಒಂದು ಹೆಬ್ಬಲಸಿನ ಮರದ ಎದುರು ಬಂಡೆಯ ಮೇಲೆ ಕೂರಿಸಿದರು. ಮುಕ್ಕಾಲು ಗಂಟೆ ಜೀರುಂಡೆ ಬಿಟ್ಟರೆ ಏನಿಲ್ಲ. ಆಮೇಲೆ ಯಾರೋ ದೂರದಿಂದ ‘ಕೂ’ ಎಂದು ಕರೆದ ಹಾಗಾಯಿತು. ಮನುಷ್ಯರೇ ಅಂದುಕೊಂಡೆ. ದೊಡ್ಡಪ್ಪ ನನ್ನ ಮೊಣಕೈ ಹಿಡಿದು ಒತ್ತಿದರು. ಟಪ್ ಅಂತ ಮುಳ್ಳುಮುಳ್ಳಾದ ಒಂದು ಸಿಪ್ಪೆ ಬಿತ್ತು. ಮೇಲೆ ನೋಡಿದರೆ ಸಿಂಗಳೀಕ.

ಕಪ್ಪು ಮೈ. ಮುಖದ ಸುತ್ತ ಬೆಳ್ಳಿ ಬಣ್ಣದ ಕೂದಲು, ಅಜ್ಜಂದಿರ ಗಡ್ಡದ ಹಾಗೆ. ಬಾಲದ ತುದಿಯಲ್ಲಿ ಸಣ್ಣ ಕುಚ್ಚು. ಹೊಟ್ಟೆಗೆ ಒಂದು ಮರಿ ಕಚ್ಚಿಕೊಂಡಿತ್ತು. ತಾಯಿ ಹಣ್ಣನ್ನು ಎರಡೂ ಕೈಯಲ್ಲಿ ತಿರುಗಿಸಿ, ಒಂದು ಕಡೆ ಹಲ್ಲು ಹಾಕಿ, ಬೆರಳಿನಿಂದ ಸಿಪ್ಪೆ ಬಿಡಿಸಿ, ಕಿತ್ತಳೆ ಬಣ್ಣದ ತೊಳೆ ಒಂದೊಂದೇ ಬಾಯಿಗೆ ಹಾಕುತ್ತಿತ್ತು. ನುಂಗುತ್ತಿರಲಿಲ್ಲ, ಕೆನ್ನೆಯ ಚೀಲಕ್ಕೆ ತುಂಬುತ್ತಿತ್ತು. ಕೆನ್ನೆ ಊದಿಕೊಂಡು ಹಲ್ಲುನೋವು ಬಂದವರ ಹಾಗೆ ಕಾಣುತ್ತಿತ್ತು. ಮರಿ ಕೈ ಚಾಚಿತು, ಸಿಗಲಿಲ್ಲ, ಮತ್ತೆ ಚಾಚಿತು. ಸುತ್ತ ಹನ್ನೆರಡೋ ಹದಿಮೂರೋ ಇದ್ದವು. ಸದ್ದೇ ಇಲ್ಲ. ನಮ್ಮ ಊರಿನ ಮಂಗಗಳಾದರೆ ಇಷ್ಟೊತ್ತಿಗೆ ಮಾರಾಮಾರಿ ಆಗಿರುತ್ತಿತ್ತು.

ಕಪ್ಪು ಮುಖ ಕಂಡ ಕೂಡಲೇ ಸಿಂಗಳೀಕ ಅನ್ನುವವರು ಬಹಳ. ಉದ್ದ ಬಾಲದ, ಬೂದು ಮೈಯ, ಕಪ್ಪು ಮುಖದ್ದು ಮುಸಿಯ. ಅದು ಎಲ್ಲೆಡೆ ಇದೆ. ಸಿಂಗಳೀಕ ಇರುವುದು ಇಡೀ ಜಗತ್ತಿನಲ್ಲಿ ಪಶ್ಚಿಮ ಘಟ್ಟದಲ್ಲಿ ಮಾತ್ರ, ಕೇರಳ, ತಮಿಳುನಾಡು, ಕರ್ನಾಟಕದ ಹಸಿರು ಕಾಡುಗಳಲ್ಲಿ. ಉತ್ತರದ ಕಡೆ ಅವುಗಳ ಕೊನೆಯ ನೆಲೆ ಈ ಸಿರ್ಸಿ-ಹೊನ್ನಾವರದ ಕಾಡು. ಮರದಿಂದ ಮರಕ್ಕೆ ಹೋಗಿ ಬದುಕುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಹಾಗಾಗಿ ಮೇಲೆ ಕೊಂಬೆಗೆ ಕೊಂಬೆ ತಾಗಿರಬೇಕು. ಮಧ್ಯೆ ಅಕೇಶಿಯಾ ಪ್ಲಾಂಟೇಶನ್ ಬಂದರೆ ಅದಕ್ಕೆ ಮರ ಇದ್ದೂ ಹಣ್ಣಿಲ್ಲ.

ಇವುಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಆಯಿತು. 2019ರಲ್ಲಿ ಅದನ್ನೂ ಶರಾವತಿ ಕಣಿವೆ ಅಭಯಾರಣ್ಯವನ್ನೂ ಸೇರಿಸಿ ಸುಮಾರು 930 ಚದರ ಕಿ.ಮೀ.ಗಳ ಸಿಂಗಳೀಕ ಅಭಯಾರಣ್ಯ ಮಾಡಿದರು. ಇದೇ ಕಣಿವೆಯಲ್ಲಿ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ಮಾಡುವ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಜಗಳವೂ ಇದೆ. ಅದನ್ನು ಬರೆಯಲು ಕೂತರೆ ನಿಮ್ಮ ಪ್ರಶ್ನೆ ಮರೆತುಹೋಗುತ್ತದೆ. ನಿಮಗೆ ಬೇಕಾದ ವಿಷಯ ಇಷ್ಟೇ: ಕಾಡಿನೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ವಾರ ಮೊದಲೇ ವಲಯ ಕಚೇರಿಯಲ್ಲಿ ವಿಚಾರಿಸಿ, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅನುಮತಿ ಸಿಗದಿದ್ದರೂ ನಷ್ಟವಿಲ್ಲ. ಘಟ್ಟದ ರಸ್ತೆಯ ಬದಿಯಲ್ಲೂ, ಕಾನಿಗೆ ತಾಗಿದ ಹೋಮ್‌ಸ್ಟೇ ತೋಟಗಳಲ್ಲೂ ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸಿಗುತ್ತದೆ.

ಇನ್ನೊಂದು, ಮಂಗಟ್ಟೆ ಹಕ್ಕಿ. ಇದನ್ನು ಮೊದಲು ಕಿವಿಯಿಂದಲೇ ನೋಡುವುದು. ದೊಡ್ಡ ಮಂಗಟ್ಟೆ ಮರಗಳ ಮೇಲೆ ಹಾರಿದರೆ ಹಳೆಯ ಉಗಿ ಎಂಜಿನ್ ಉಸಿರು ಬಿಟ್ಟ ಹಾಗೆ ಸದ್ದು. ರೆಕ್ಕೆಯ ಗರಿಗಳ ಬುಡಕ್ಕೆ ಹೊದಿಕೆ ಇಲ್ಲದೆ ಗಾಳಿ ಸಂದಿಯಲ್ಲಿ ನುಗ್ಗುವುದರಿಂದ ಹಾಗೆ. ಗೂಡು ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟು. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಕಾಡು ಜಾಯಿಕಾಯಿಯ ಬೀಜಕ್ಕೆ ಸುತ್ತಿಕೊಂಡಿರುವ ಕೆಂಪು ಪತ್ರೆ ಈ ಹಕ್ಕಿಗೆ ಬಹಳ ಇಷ್ಟ. ಪತ್ರೆ ಅರಗುತ್ತದೆ, ಬೀಜ ಇನ್ನೆಲ್ಲೋ ಬೀಳುತ್ತದೆ. ಆ ಜಡ್ಡಿಯ ಮರಗಳಿಗೆ ಕಾಲಿಲ್ಲದ ಕೊರತೆಯನ್ನು ಇವು ತುಂಬುತ್ತವೆ.

ಯಾವಾಗ ಬರಬೇಕು ಅನ್ನುವುದು ಸ್ವಲ್ಪ ತೊಡಕಿನ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಉಂಬಳ (ರಕ್ತ ಹೀರುವ ಜಿಗಣೆ). ಕಾಡು ಚೆಂದ ಇರುತ್ತದೆ, ನೋಡಲು ಕಣ್ಣೇ ಬಿಡಲಾಗುವುದಿಲ್ಲ. ಉಂಬಳಕ್ಕೆ ಹೆದರಬೇಡಿ, ಕಿತ್ತು ಎಳೆಯಬೇಡಿ ಅಷ್ಟೆ. ಚೂರು ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಗಾಬರಿ ಬೇಡ.

ನಾನು ಗಂಭೀರವಾಗಿ ಹೇಳುವುದು ಮಂಗನ ಕಾಯಿಲೆ ಬಗ್ಗೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ ಇದು. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಳ್ಳುವ ಉಣ್ಣೆಯಿಂದ. ನಡೆಯಲು ಹಿತವಾದ ತಿಂಗಳುಗಳೇ, ಅಂದರೆ ಡಿಸೆಂಬರ್‌ನಿಂದ ಮೇವರೆಗೆ, ಉಣುಗಿನ ಕಾಲವೂ ಹೌದು. ಸಿದ್ದಾಪುರ ತಾಲ್ಲೂಕಿನಲ್ಲೂ ಜನ ಸತ್ತಿದ್ದಾರೆ. ಹಾಗಾಗಿ ಹೊರಡುವ ಮೊದಲು ಇಲ್ಲಿನ ಆರೋಗ್ಯ ಕೇಂದ್ರಕ್ಕೋ ಉಳಿದುಕೊಳ್ಳುವ ಮನೆಯವರಿಗೋ ಫೋನ್ ಮಾಡಿ, ಈ ವರ್ಷ ಹೇಗಿದೆ ಎಂದು ಕೇಳಿ. ಕಾಯಿಲೆ ಇದೆ ಎಂದರೆ ಕಾಡಿಗೆ ಬರಬೇಡಿ, ಜೋಗ ನೋಡಿ ಹೋಗಿ. ಇಲ್ಲ ಎಂದರೂ ತುಂಬು ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸುವುದು, ಉಣುಗು ಹತ್ತದಂತೆ ಇಲ್ಲಿ ಕೊಡುವ ಡೆಪಾ ಎಣ್ಣೆ ಹಚ್ಚುವುದು, ಒಣ ತರಗೆಲೆಯ ಮೇಲೆ ಕೂರದೆ ಬಂಡೆಯ ಮೇಲೆ ಕೂರುವುದು, ವಾಪಸ್ ಬಂದು ಬಿಸಿನೀರು ಸ್ನಾನ, ಬಟ್ಟೆ ಒಗೆಯುವುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ಹೇಳಿ. ನನ್ನನ್ನು ಕೇಳಿದರೆ, ಮಗಳ ಜೊತೆಗಾದರೆ ಮಳೆ ಕಡಿಮೆಯಾದ ಅಕ್ಟೋಬರ್ ಕೊನೆ, ನವೆಂಬರ್ ಮೊದಲು ಒಳ್ಳೆಯದು. ಹಳ್ಳದಲ್ಲಿ ನೀರಿರುತ್ತದೆ, ಉಂಬಳ ಇರುತ್ತದೆ ನಿಜ, ಆದರೆ ಅದು ಬರೀ ಉಂಬಳ.

ಮಗಳಿಗೆ ಕಾಡಿನೊಳಗಿಂತ ತೋಟದಲ್ಲೇ ಜಾಸ್ತಿ ಮಜಾ. ಬೆಳಿಗ್ಗೆ ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ತಿಂದು, ಬಿಸಿಲು ಏರಿದ ಮೇಲೆ ಅಡಿಕೆ ಮರಗಳ ಮಧ್ಯೆ ನಿಲ್ಲಿಸಿ. ಮರದ ಕಾಂಡದ ಬಣ್ಣದ್ದೇ ಒಂದು ಓತಿ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ನೀವು ಹುಡುಕಿದರೆ ಸಿಗುವುದಿಲ್ಲ. ಅದು ಗಂಟಲಿನ ಹಳದಿ ಚೀಲವನ್ನು ಪಟಪಟ ಹೊರಗೆ ಚಾಚಿದಾಗಷ್ಟೇ ಗೊತ್ತಾಗುವುದು. ಅಲ್ಲಿಂದ ಕಣ್ಣು ತೆಗೆಯಬೇಡಿ ಎಂದು ಹೇಳಿ. ಇರುವೆ ತಿನ್ನುತ್ತಾ ಮೇಲೇರುತ್ತದೆ, ಒಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ, ಇದ್ದಕ್ಕಿದ್ದಂತೆ ಜಿಗಿಯುತ್ತದೆ. ಪಕ್ಕೆಲುಬುಗಳು ಛತ್ರಿಯ ಕಡ್ಡಿಯ ಹಾಗೆ ಬಿಚ್ಚಿ, ಚರ್ಮ ಹರಡಿ, ಆಚೆ ಮರಕ್ಕೆ ತೇಲಿ ಹೋಗಿ ಅಂಟಿಕೊಳ್ಳುತ್ತದೆ. ನನ್ನ ಅಕ್ಕನ ಮಗ ಇದನ್ನು ನೋಡಿದ ಮೇಲೆ ಮೂರು ದಿನ ಮೊಬೈಲ್ ಕೇಳಲಿಲ್ಲ.

ಕೊನೆಗೆ ಒಂದು ಸಿಟ್ಟು. ಮಲೆಮನೆ ಘಟ್ಟದ ತಿರುವಿನಲ್ಲಿ ಒಮ್ಮೆ ಒಂದು ಕಾರು ನಿಂತಿತ್ತು. ಕಿಟಕಿಯಿಂದ ಯಾರೋ ಚಿಪ್ಸ್ ಎಸೆಯುತ್ತಿದ್ದರು. ನೆಲಕ್ಕೆ ಇಳಿಯದ ಪ್ರಾಣಿ ಅಂದೆನಲ್ಲ, ಎರಡು ಮರಿ ಸಿಂಗಳೀಕಗಳು ಡಾಂಬರಿನ ಮೇಲೆ ಕೂತಿದ್ದವು. ತಿರುವಿನ ಆಚೆಯಿಂದ ಲಾರಿ ಹಾರ್ನ್ ಹಾಕುತ್ತಾ ಬಂತು. ಅವತ್ತು ಏನೂ ಆಗಲಿಲ್ಲ. ಕಾರಿನವರಿಗೆ ಹೇಳಿದ್ದಕ್ಕೆ, “ಪಾಪ, ಹಸಿದಿವೆ ಅಲ್ವಾ ಸರ್” ಅಂದರು. ಹಿಂದೆಯೇ ಕೊಂಬೆಯ ತುಂಬ ಹಣ್ಣಿತ್ತು. ನೀವು ಬರುವಾಗ ದಾರಿಗೆ ಬಾಳೆಹಣ್ಣು ತನ್ನಿ. ಕಿಟಕಿ ಏರಿಸಿಕೊಂಡು ನೀವೇ ತಿನ್ನಿ.