‘ಅಮ್ಮಾ, ನಾವು ಯಾವ ಕಡೆ?’

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿರುವ ಓದುಗರೊಬ್ಬರ ಪತ್ರ: ‘ಒಂಬತ್ತು ವರ್ಷದ ಮಗಳಿಗೆ ಶಾಲೆಯಲ್ಲಿ ವೈತಾಂಗಿ ಒಪ್ಪಂದದ ಪಾಠ. ಇಂಗ್ಲಿಷ್ ಪ್ರತಿ ಮತ್ತು ಮಾವೋರಿ ಪ್ರತಿಯ ಅರ್ಥ ಎರಡನ್ನೂ ಕೊಟ್ಟು ವ್ಯತ್ಯಾಸ ಹುಡುಕಿ ಅಂದರಂತೆ. ಮನೆಗೆ ಬಂದವಳೇ, ಅಮ್ಮಾ ನಾವು ಯಾವ ಕಡೆ ಅಂತ ಕೇಳಿದಳು. ಯಾವುದೋ ಕಾಲದಲ್ಲಿ ಅನುವಾದ ಕೆಟ್ಟಿದ್ದಕ್ಕೆ ಈಗಿನ ಮಕ್ಕಳ ತಲೆ ಯಾಕೆ ಕೆಡಿಸಬೇಕು?’

ಉತ್ತರ: ನಿಮ್ಮ ಪತ್ರ ಓದಿ ನನಗೆ ಆ ಟೀಚರ್ ಮೇಲೆ ಗೌರವ ಬಂತು, ಬೇಜಾರು ಮಾಡ್ಕೋಬೇಡಿ.

ಮೊದಲು ಅನುವಾದದ ಕಥೆ. ವೈತಾಂಗಿ ಒಪ್ಪಂದ ಅಂದರೆ ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿಗಳ ಮುಖಂಡರಿಗೂ ಬ್ರಿಟಿಷ್ ರಾಣಿಗೂ ಆದ ಕರಾರು. 1840ರ ಫೆಬ್ರವರಿ 4ರಂದು ಬ್ರಿಟಿಷ್ ಅಧಿಕಾರಿ ವಿಲಿಯಂ ಹಾಬ್ಸನ್ ಕರಡನ್ನು ಹೆನ್ರಿ ವಿಲಿಯಮ್ಸ್ ಎಂಬ ಪಾದ್ರಿಯ ಕೈಗಿಟ್ಟರು. ವಿಲಿಯಮ್ಸ್ ಮತ್ತು ಅವರ ಮಗ ಕೂತು ರಾತ್ರೋರಾತ್ರಿ ಅದನ್ನು ಮಾವೋರಿಗೆ ತಿರುಗಿಸಿದರು. 6ನೇ ತಾರೀಕು ಸಹಿ ಶುರು. ಇಂಗ್ಲಿಷ್ ಪ್ರತಿಯಲ್ಲಿ ಮಾವೋರಿ ಮುಖಂಡರು ರಾಣಿಗೆ ಕೊಟ್ಟಿದ್ದು ಪೂರ್ತಿ ಸಾರ್ವಭೌಮತ್ವ. ಮಾವೋರಿ ಪ್ರತಿಯಲ್ಲಿ ಕೊಟ್ಟಿದ್ದು ‘ಕಾವನತಂಗ’. ಬಾಟಲ್ ನಮ್ಮಲ್ಲಿ ಬಾಟ್ಲಿ ಆದ ಹಾಗೆ ಗವರ್ನರ್ ಅವರ ಬಾಯಲ್ಲಿ ‘ಕಾವನ’ ಆಗಿದ್ದ. ಅಂದರೆ ಕೊಟ್ಟಿದ್ದು ಬರೀ ಗವರ್ನರ್‌ಗಿರಿ! ತಮ್ಮ ನೆಲ, ಊರು, ‘ತಾಓಂಗ’ ಅಂದರೆ ಬೆಲೆಬಾಳುವ ಎಲ್ಲದರ ಮೇಲಿನ ಯಜಮಾನಿಕೆ, ‘ರಂಗತಿರತಂಗ’, ತಮ್ಮಲ್ಲೇ ಉಳೀತು ಅಂತ ಅವರು ಓದಿಕೊಂಡರು. ಐದು ವರ್ಷ ಹಿಂದೆ, ಮಾವೋರಿ ಮುಖಂಡರ 1835ರ ಸ್ವಾತಂತ್ರ್ಯ ಘೋಷಣೆಯನ್ನು ಮಾವೋರಿಗೆ ತಂದಾಗ ಇದೇ ವಿಲಿಯಮ್ಸ್ ಅಧಿಕಾರ ಅನ್ನೋದಕ್ಕೆ ‘ಮನ’ ಎಂಬ ಗಟ್ಟಿ ಮಾವೋರಿ ಪದ ಬಳಸಿದ್ದರು. ಈ ಸಲ ಅದು ಮಾಯ. ಕೊನೆಗೆ 500ಕ್ಕೂ ಹೆಚ್ಚು ಮುಖಂಡರು ಸಹಿ ಹಾಕಿದರು, ಹೆಚ್ಚುಕಮ್ಮಿ ಎಲ್ಲರೂ ಮಾವೋರಿ ಪ್ರತಿಗೇ.

ಆದರೆ ಎಲ್ಲಾ ತಪ್ಪನ್ನೂ ಆ ಒಂದು ರಾತ್ರಿಯ ಮೇಲೆ ಹಾಕೋದು ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷ್ ಪ್ರತಿಯನ್ನೇ ತೆಗೆದು ಓದಿ. ನೆಲ, ಕಾಡು, ಮೀನುಗಾರಿಕೆ ಅವರು ಬೇಕು ಅನ್ನುವ ತನಕ ಅವರದೇ ಅಂತ ಅಲ್ಲೂ ಇದೆ. 1863ರಲ್ಲಿ ಸರ್ಕಾರ ಕಾನೂನು ಮಾಡಿ, ವೈಕಾಟೋ ಎಂಬ ಪ್ರದೇಶ ಒಂದರಲ್ಲೇ ಸುಮಾರು 12 ಲಕ್ಷ ಎಕರೆ ಕಿತ್ತುಕೊಂಡಾಗ ಯಾವ ಪದದ ಗೊಂದಲ ಇತ್ತು ಹೇಳಿ? ಕೊಟ್ಟ ಮಾತು ತಪ್ಪಿದ್ದು, ಅಷ್ಟೇ. 1877ರಲ್ಲಂತೂ ಮುಖ್ಯ ನ್ಯಾಯಮೂರ್ತಿ ಪ್ರೆಂಡರ್‌ಗಾಸ್ಟ್ ಆ ಒಪ್ಪಂದಕ್ಕೆ ಕಿಮ್ಮತ್ತೇ ಇಲ್ಲ ಅಂದುಬಿಟ್ಟರು.

‘ಯಾವುದೋ ಕಾಲ’ ಅಂದಿರಿ. 1975ರಲ್ಲಿ, ಒಪ್ಪಂದ ಮುರಿದ ದೂರುಗಳನ್ನು ಕೇಳೋದಕ್ಕೆ ವೈತಾಂಗಿ ಟ್ರಿಬ್ಯೂನಲ್ ಬಂತು, 1985ರಿಂದ ಅದು 1840ರಿಂದ ಈಚಿನ ಹಳೇ ದೂರುಗಳನ್ನೂ ಕೇಳತೊಡಗಿತು. ವೈಕಾಟೋದವರಿಗೆ 1995ರಲ್ಲಿ 17 ಕೋಟಿ ಡಾಲರ್ ಬೆಲೆಯ ಪರಿಹಾರ, ಜೊತೆಗೆ ಕ್ಷಮಾಪಣೆ ಸಿಕ್ಕಿತು. ಆ ಪರಿಹಾರದ ಕಾನೂನಿಗೆ ಎಲಿಜಬೆತ್ ರಾಣಿಯೇ ಖುದ್ದಾಗಿ ಸಹಿ ಹಾಕಿದರು. ನಮ್ಮಂಥವರಿಗೆ ಹತ್ತಿರದ ವಿಷಯ ಇನ್ನೊಂದಿದೆ. ‘ನಮ್ಮ ಭಾಷೆಯೂ ತಾಓಂಗ, ಅದನ್ನೂ ಕಾಪಾಡಬೇಕು’ ಅಂತ ಮಾವೋರಿಗಳು ಟ್ರಿಬ್ಯೂನಲ್ಲಿಗೆ ಹೋದರು, ಅದು ಹೌದು ಅಂತು, 1987ರಲ್ಲಿ ಮಾವೋರಿ ಅಧಿಕೃತ ಭಾಷೆ ಆಯಿತು. ಇನ್ನು 2024ರ ನವೆಂಬರಿನಲ್ಲಿ, ಒಪ್ಪಂದದ ತತ್ವಗಳನ್ನು ಹೊಸದಾಗಿ ಬರೆಯುವ ಮಸೂದೆ ಬೇಡ ಅಂತ ಸಾವಿರಾರು ಜನ ಪಾರ್ಲಿಮೆಂಟಿನ ತನಕ ನಡೆದು ಹೋಗಿದ್ದನ್ನು ನೀವೇ ಟಿವಿಯಲ್ಲಿ ನೋಡಿರಬಹುದು. 2025ರ ಏಪ್ರಿಲ್‌ನಲ್ಲಿ ಅದು 112–11 ಮತಗಳಿಂದ ಬಿದ್ದುಹೋಯಿತು. ಮಗಳು ನಾಳೆ ವೋಟು ಹಾಕೋದು ಈ ದೇಶದಲ್ಲೇ ಅಲ್ವಾ?

ಈಗ ಅವಳ ಪ್ರಶ್ನೆ. ನೀವು ಹಾಬ್ಸನ್ ಕಡೆಯ ನೆಂಟರೂ ಅಲ್ಲ, ಮಾವೋರಿಗಳೂ ಅಲ್ಲ, ನಿಜ. ಆದರೆ ನಿಮಗೆ ವೀಸಾ ಕೊಟ್ಟ ಸರ್ಕಾರ ತನ್ನ ಹಕ್ಕಿಗೆ ತೋರಿಸೋದು ಆ ಹಾಳೆಗಳನ್ನೇ. ಹಾಗೆ ಬಂದು ನೆಲೆಸಿದವರಿಗೆ ಅಲ್ಲಿ ‘ತಂಗತ ತಿರಿತಿ’ ಅನ್ನುತ್ತಾರೆ, ಒಪ್ಪಂದದ ಜನ ಅಂತ. ನನಗೆ ಇಷ್ಟವಾದ ಹೆಸರು. ಅವಳಿಗೂ ಹೇಳಿ ನೋಡಿ.

ವೆಲಿಂಗ್ಟನ್‌ಗೆ ಹೋದರೆ ನ್ಯಾಷನಲ್ ಲೈಬ್ರರಿಗೆ ಕರೆದುಕೊಂಡು ಹೋಗಿ. ಮೂಲ ಹಾಳೆಗಳು ಅಲ್ಲಿವೆ. ಒಂದು ಕಾಲಕ್ಕೆ ಅವನ್ನು ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಎಸೆದಿದ್ದರು; 1908ರಲ್ಲಿ ಸಿಕ್ಕಾಗ ನೀರು ಬಿದ್ದು, ಇಲಿ ಕಡಿದು ಹಾಳಾಗಿದ್ದವು. ಆ ತೂತುಗಳನ್ನು ನೋಡಿ ಮಗಳು ಇನ್ನೇನು ಕೇಳಿದಳು ಅಂತ ನಮಗೂ ಬರೆಯಿರಿ.

– ಸಂಪಾದಕ