ಬೆಕ್ಕು, ಮೇಜು ಬೇಡ. ಕಾಳಿ ನದಿ ತನ್ನಿ

ಪ್ರಿಯ ಮಾಸ್ತರರೇ,

ಹತ್ತನೇ ತರಗತಿ ಮಕ್ಕಳಿಗಾಗಿ ನೀವು ಕಳಿಸಿದ ಇಂಗ್ಲಿಷ್ ಪ್ರಿಪೊಸಿಷನ್ (ಇನ್, ಆನ್, ಅಟ್‌ನಂಥ ಪದಗಳ) ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಮೇಜಿನ ಮೇಲೆ ಪುಸ್ತಕ, ಮೇಜಿನ ಕೆಳಗೆ ಬೆಕ್ಕು, ಇದು ಎಲ್ಲ ಗ್ರಾಮರ್ ಪುಸ್ತಕದಲ್ಲೂ ಇದೆ. ಅದನ್ನು ಓದಿದ ಹುಡುಗ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಾನೆ. ತನ್ನೂರಿನ ಬಗ್ಗೆ ನಾಲ್ಕು ಸಾಲು ಬರೆಯಲು ಕೂತರೆ ತಡವರಿಸುತ್ತಾನೆ, ಅಲ್ವಾ? ನಿಮ್ಮ ಲೇಖನಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ, ಕಾರವಾರದ ಕಡಲು ಕಂಡಾಗ.

ಆದರೆ ತಪ್ಪೂ ಅಲ್ಲೇ ಇದೆ. ಕೂರ್ಮಗಡವನ್ನು ‘ಆನ್ ದ ಕೋಸ್ಟ್’ ಎಂದಿದ್ದೀರಿ. ಆನ್ ದ ಕೋಸ್ಟ್ ಇರುವುದು ಕಾರವಾರ ಪೇಟೆ. ಕೂರ್ಮಗಡ ನಡುಗಡ್ಡೆ, ದೋಣಿ ಹತ್ತಿಯೇ ಹೋಗಬೇಕು. ಅದು ‘ಆಫ್ ದ ಕೋಸ್ಟ್’. ಕನ್ನಡದಲ್ಲಿ ಬರೆದಾಗ ಎರಡು ಆಫ್‌ಗಳೂ (of, off) ಒಂದೇ ಥರ ಕಾಣುತ್ತವೆ. ಇದು ಎರಡು ‘ಎಫ್’ ಇರುವ ಆಫ್ ಎಂದು ಅಲ್ಲೇ ತಿಳಿಸಿ.

ಕಾಳಿ ನದಿಯನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಬಹುದು. ದೋಣಿ ಆನ್ ದ ರಿವರ್, ಮೀನು ಇನ್ ದ ರಿವರ್, ಸೇತುವೆ ಓವರ್ ದ ರಿವರ್. ಹೊಳೆ ಸಮುದ್ರ ಸೇರುವ ಜಾಗದಲ್ಲಿ ನಿಂತರೆ ನೀವು ಅಟ್ ದ ಮೌತ್ ಆಫ್ ದ ರಿವರ್. ಒಂದು ಊರು ಆನ್ ದ ರಿವರ್ ಇದೆ ಎಂದರೆ ಅದು ದಂಡೆಯಲ್ಲಿದೆ ಎಂದರ್ಥ, ನೀರಿನ ಮೇಲೆ ಅಲ್ಲ. ಮಕ್ಕಳು ಜಾಸ್ತಿ ಗೊಂದಲಕ್ಕೆ ಬೀಳುವುದು ಇಲ್ಲೇ. ಒಂದೇ ಹೊಳೆ ಇಟ್ಟುಕೊಂಡು ಕೇಳಿದರೆ ಎಲ್ಲವೂ ಕಣ್ಣಿಗೆ ಕಟ್ಟುತ್ತದೆ.

ಇನ್ನು ಅಳತೆ. ‘ಮುರುಡೇಶ್ವರದ ಶಿವನ ಮೂರ್ತಿ ಅಟ್ ಎ ಹೈಟ್ ಆಫ್ 123 ಫೀಟ್’ ಎಂದು ಬರೆದಿದ್ದೀರಿ. ಹಾಗೆಂದರೆ ಮೂರ್ತಿ ನೆಲದಿಂದ 123 ಅಡಿ ಮೇಲೆ ಇದೆ ಎಂದಾಗುತ್ತದೆ! ಮೂರ್ತಿಯ ಎತ್ತರವೇ ಅಷ್ಟು. ‘123 ಫೀಟ್ ಟಾಲ್’ ಎಂದರೆ ಮುಗಿಯಿತು, ಪ್ರಿಪೊಸಿಷನ್ನೇ ಬೇಡ. ಅದೇ ಶಿರಸಿಗೆ ‘ಅಟ್’ ಬೇಕು. ಊರು ಅಷ್ಟು ಎತ್ತರದಲ್ಲಿ ಕೂತಿದೆ: ಅಟ್ ಎ ಹೈಟ್ ಆಫ್ ಅಬೌಟ್ 590 ಮೀಟರ್ಸ್ ಅಬವ್ ಸೀ ಲೆವೆಲ್. ನೀವು ಹಾಕಿದ ‘ಫ್ರಮ್ ಸೀ ಲೆವೆಲ್’ ಬಿಡಿ. ಫ್ರಮ್ ಬೇಕಾಗುವುದು ದೂರ ಹೇಳುವಾಗ. ಶಿರಸಿ ಈಸ್ ಅಬೌಟ್ 60 ಕಿಲೋಮೀಟರ್ಸ್ ಫ್ರಮ್ ಕುಮಟಾ. ನಡುವೆ ‘ಫಾರ್’ (far) ಸೇರಿಸಿ ‘60 ಕಿಲೋಮೀಟರ್ಸ್ ಫಾರ್ ಫ್ರಮ್’ ಎನ್ನುವ ತಪ್ಪು ಅಭ್ಯಾಸ ನಮ್ಮ ಕಡೆ ತುಂಬಾ ಇದೆ, ಅದರ ಬಗ್ಗೆ ಎರಡು ಸಾಲು ಬರೆಯಿರಿ.

ಯಾಣದ ಭಾಗ ಚೆನ್ನಾಗಿದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ 90; ಅದು ಇದಕ್ಕಿಂತ ಹೈಯರ್ ಬೈ 30 ಮೀಟರ್ಸ್. ‘ಬೈ’ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಅದನ್ನು ಮುಟ್ಟಬೇಡಿ.

ಕೊನೆಯಲ್ಲಿರುವ ನಿಯಮಗಳ ಪಟ್ಟಿ ಬೇಡ. ಬದಲಿಗೆ ನಿಮ್ಮ ಮಕ್ಕಳಿಂದ ತಮ್ಮ ಊರಿನ ಬಗ್ಗೆ ಐದೈದು ವಾಕ್ಯ ಬರೆಸಿ. ಅವರು ಎಡವಿದ ವಾಕ್ಯಗಳನ್ನೇ ಆರಿಸಿ, ಹೆಸರು ಹಾಕದೆ, ಅಭ್ಯಾಸವಾಗಿ ಕೊಡಿ. ಕೈಬರಹದಲ್ಲಿ ಕಳಿಸಿದರೂ ಅಡ್ಡಿಯಿಲ್ಲ.

ನಿಮ್ಮ,
ಸಂಪಾದಕ